ಭೂತಗನ್ನಡಿಯ ಜಾಹೀರಾತು, ನೇಮಕಾತಿ ನಿಯಮದ ಸಣ್ಣ ಅಕ್ಷರ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂತೆಂದರೆ ಮೈಸೂರು, ಮಂಡ್ಯದ ಮನೆಗಳಿಗೆ ದಿನಪತ್ರಿಕೆಯ ಮಡಿಕೆಯೊಳಗೆ ಕಾಲೇಜುಗಳ ಕರಪತ್ರಗಳೂ ಬಂದು ಬೀಳುತ್ತವೆ. ಈಚೆಗೆ ಅವುಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣುತ್ತಿದೆ. ಬೆರಳಚ್ಚಿನ ಮೇಲೊಂದು ಭೂತಗನ್ನಡಿ, ಹಿಂದೆ ಹಳದಿ ಟೇಪು, ಕೆಳಗೆ ‘ಕ್ರಿಮಿನಾಲಜಿ, ಫೊರೆನ್ಸಿಕ್, ಸೈಬರ್: ಪೊಲೀಸ್, ಸಿಬಿಐ, ಎಫ್‌ಎಸ್‌ಎಲ್‌ನಲ್ಲಿ ಉದ್ಯೋಗ’ ಎಂಬ ಸಾಲು (ಎಫ್‌ಎಸ್‌ಎಲ್ ಎಂದರೆ ವಿಧಿವಿಜ್ಞಾನ ಪ್ರಯೋಗಾಲಯ). ಈ ಒಂದು ಸಾಲನ್ನು ನಂಬಿ ಮಕ್ಕಳು ಮೂರು ವರ್ಷ ಓದುತ್ತಾರೆ. ಅರ್ಜಿ ಹಾಕಲು ಹೋದ ದಿನವೇ ಅಧಿಸೂಚನೆಯ ‘ವಿದ್ಯಾರ್ಹತೆ’ ಕಾಲಂ ಅವರ ಕಣ್ಣಿಗೆ ಬೀಳುವುದು. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ಯಾವ ಓದು ಯಾವ ಬಾಗಿಲಿಗೆ ಹೋಗುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ಪ್ರವೇಶದ ಹೊತ್ತಿಗೇ ಬಿಡಿಸಿ ಹೇಳಬೇಕೆಂದು ಈ ಪತ್ರ.

ಕರಪತ್ರದವರು ಒಂದೇ ಚೀಲಕ್ಕೆ ತುಂಬಿರುವುದು ನಾಲ್ಕು ಬೇರೆ ಬೇರೆ ಓದುಗಳನ್ನು. ಅಪರಾಧಶಾಸ್ತ್ರ, ಅಂದರೆ ಕ್ರಿಮಿನಾಲಜಿ, ಸಮಾಜವಿಜ್ಞಾನ. ಅಪರಾಧ ಏಕೆ ನಡೆಯುತ್ತದೆ, ಶಿಕ್ಷೆಯಿಂದ ಏನಾಗುತ್ತದೆ, ಜೈಲು ಹೇಗೆ ನಡೆಯುತ್ತದೆ, ನೊಂದವರ ಗತಿ ಏನು ಎಂಬುದು ಅದರ ವಿಷಯ. ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್ ಸೈನ್ಸ್, ಪ್ರಯೋಗಾಲಯದ ಓದು. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ ಇಲ್ಲದೆ ಅದಕ್ಕೆ ಕಾಲೇ ಇಲ್ಲ. ಮೂರನೆಯದು ಕಾನೂನು. ನಾಲ್ಕನೆಯದು ಸಮಾಜಕಾರ್ಯ, ಜೈಲಿಗೆ ಕಳಿಸದೆ ನಿಗಾದಲ್ಲಿಡುವ ಪರಿವೀಕ್ಷಣೆ (ಪ್ರೊಬೇಷನ್) ಮತ್ತು ಮಕ್ಕಳ ನ್ಯಾಯ ವ್ಯವಸ್ಥೆಯ ಕೆಲಸಗಳಿಗೆ ಹೋಗುವ ದಾರಿ. ಶವಪರೀಕ್ಷೆ ಮಾಡುವವರು ಇವು ಯಾವುದರಿಂದಲೂ ಬರುವುದಿಲ್ಲ. ಅವರು ಎಂಬಿಬಿಎಸ್ ಮಾಡಿ, ಬಳಿಕ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದ ವೈದ್ಯರು. ಇಷ್ಟನ್ನೂ ಪ್ರವೇಶದ ಕೌಂಟರಿನಲ್ಲಿ ಹೇಳುವವರು ಕಡಿಮೆ.

ಹೆಚ್ಚು ಜನ ನಿಲ್ಲುವ ಬಾಗಿಲು ಪಿಎಸ್‌ಐ ಹುದ್ದೆಯದು, ಅದನ್ನೇ ಮೊದಲು ನೋಡೋಣ. ಅದಕ್ಕೆ ಬೇಕಾದದ್ದು ಯಾವುದಾದರೂ ಒಂದು ಪದವಿ. ಮೂರು ವರ್ಷ ಕ್ರಿಮಿನಾಲಜಿ ಓದಿದವರೂ ಬಿ.ಕಾಂ. ಮಾಡಿದವರೂ ಒಂದೇ ಮೈದಾನದಲ್ಲಿ ಓಡುತ್ತಾರೆ. ಎತ್ತರ ಪುರುಷರಿಗೆ 168 ಸೆಂ.ಮೀ., ಮಹಿಳೆಯರಿಗೆ 157 ಸೆಂ.ಮೀ. ಇರಬೇಕು. ಇದನ್ನು ಅಳತೆಪಟ್ಟಿ ಹಿಡಿದು ಮನೆಯಲ್ಲೇ ನೋಡಿಕೊಳ್ಳಬಹುದು, ಆದರೂ ಎರಡು ವರ್ಷ ಕೋಚಿಂಗ್‌ಗೆ ದುಡ್ಡು ಸುರಿದ ಮೇಲೆ ಅಳೆಸಿಕೊಳ್ಳುವವರಿದ್ದಾರೆ. ಲಿಖಿತ ಪರೀಕ್ಷೆಯ ಎರಡನೇ ಪತ್ರಿಕೆಯಲ್ಲಿ ತಲಾ ಒಂದೂವರೆ ಅಂಕದ 100 ವಸ್ತುನಿಷ್ಠ ಪ್ರಶ್ನೆಗಳಿರುತ್ತವೆ, ಒಟ್ಟು 150 ಅಂಕ. ಒಂದು ತಪ್ಪಿಗೆ 0.375 ಅಂಕ ಕಳೆಯುತ್ತಾರೆ. ಅಲ್ಲಿ ಕೇಳುವುದು ಸಾಮಾನ್ಯ ಜ್ಞಾನ, ಬೌದ್ಧಿಕ ಸಾಮರ್ಥ್ಯ. ಅಪರಾಧಶಾಸ್ತ್ರದ ಸಿದ್ಧಾಂತಗಳು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಮೊದಲನೆಯ ಪತ್ರಿಕೆ 50 ಅಂಕದ್ದು. ಪ್ರಬಂಧ, ಸಾರಲೇಖನ, ಕನ್ನಡ–ಇಂಗ್ಲಿಷ್ ಭಾಷಾಂತರ. ನಮ್ಮ ಭಾಗದ ಹುಡುಗರು, ಹುಡುಗಿಯರು ಸೋಲುವುದು ಹೆಚ್ಚಾಗಿ ಇಲ್ಲಿ. ಭಾಷಾಂತರವನ್ನು ಯಾವ ಕೋಚಿಂಗ್‌ನವರೂ ಆರು ತಿಂಗಳಲ್ಲಿ ಕಲಿಸಲಾರರು. ದಿನಕ್ಕೊಂದು ಸಂಪಾದಕೀಯವನ್ನು ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಬರೆದು ರೂಢಿ ಮಾಡಿಕೊಳ್ಳಬೇಕು. ಇನ್ನೊಂದು ಮಾತು. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದ ರದ್ದಾಗಿ, 2024ರ ಜನವರಿಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಬೇಕಾಯಿತು. ನಡುವೆ ಹೋದ ವರ್ಷಗಳನ್ನು ಅಭ್ಯರ್ಥಿಗಳಿಗೆ ಯಾರೂ ಮರಳಿ ಕೊಡಲಿಲ್ಲ. ಒಂದೇ ಹುದ್ದೆಯನ್ನು ನೆಚ್ಚಿ ಕೂರಬೇಡಿ ಎನ್ನಲು ಇಷ್ಟೇ ಸಾಕು.

ಸಿಬಿಐ ಹೆಸರು ಕೇಳಿ ಕೋರ್ಸ್ ಸೇರುವವರಿಗೂ ಒಂದು ಮಾತು. ಸಿಬಿಐ ಮತ್ತು ಎನ್‌ಐಎಯಲ್ಲಿ ನೇರವಾಗಿ ಸಬ್‌ ಇನ್‌ಸ್ಪೆಕ್ಟರ್ ಆಗುವ ದಾರಿ ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸಿಜಿಎಲ್ ಪರೀಕ್ಷೆ. ಅಲ್ಲೂ ಯಾವುದೇ ಪದವಿ ನಡೆಯುತ್ತದೆ, ಗಣಿತ ಮತ್ತು ಇಂಗ್ಲಿಷ್ ಗಟ್ಟಿ ಇರಬೇಕು ಅಷ್ಟೆ. ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಇದು ಹಳ್ಳಿಗಳಿಗೆ ಇನ್ನೂ ಸರಿಯಾಗಿ ಮುಟ್ಟಿಲ್ಲ.

ನಿಜವಾದ ಗೊಂದಲ ಇರುವುದು ಎಫ್‌ಎಸ್‌ಎಲ್ ಬಾಗಿಲಲ್ಲಿ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಮೈಸೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯವಿದೆ. ಒಳಗೆ ವಿಷಶಾಸ್ತ್ರ, ರಸಾಯನ, ಜೀವಶಾಸ್ತ್ರ, ಡಿಎನ್‌ಎ, ಭೌತಶಾಸ್ತ್ರ, ದಸ್ತಾವೇಜು, ಬಂದೂಕು–ಮದ್ದುಗುಂಡು, ಕಂಪ್ಯೂಟರ್ ಎಂದು ಕೆಲಸ ವಿಭಾಗಗಳಾಗಿ ಹಂಚಿಹೋಗಿರುತ್ತದೆ. ನೇಮಕಾತಿಯೂ ವಿಭಾಗದ ವಿಷಯಕ್ಕೆ ತಕ್ಕಂತೆ. ವಿಷಶಾಸ್ತ್ರಕ್ಕೆ ಬೇಕಾದವರು ರಸಾಯನಶಾಸ್ತ್ರ ಓದಿದವರು. ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ, ಬಿ.ಎ.ಯಲ್ಲಿ ಇತಿಹಾಸದ ಜೊತೆ ಕ್ರಿಮಿನಾಲಜಿ ಮತ್ತು ಫೊರೆನ್ಸಿಕ್ ಸೈನ್ಸ್ ತೆಗೆದುಕೊಂಡವರಿಗೆ, ಪತ್ರಿಕೆಯ ಹೆಸರಿನಲ್ಲಿ ‘ಫೊರೆನ್ಸಿಕ್’ ಇದ್ದಮಾತ್ರಕ್ಕೆ ಆ ಬಾಗಿಲು ತೆರೆಯುವುದಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಹಾಗೆಂದು ಬಿ.ಎ. ಓದು ಕಳಪೆ ಎಂದು ತಿಳಿಯಬೇಡಿ. ಮಹಾರಾಜ ಕಾಲೇಜಿನಲ್ಲಿ ಬಿ.ಎ.ಗೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರಕ್ಕೆ ಈ ವಿಷಯ ಹೇಳಿಕೊಡುವ ಪರಂಪರೆ ಇದೆ. ಆ ಓದಿನ ಬಾಗಿಲುಗಳು ಬೇರೆ, ಅಷ್ಟೆ.

ಪ್ರಯೋಗಾಲಯವೇ ಗುರಿಯಾದರೆ ತೀರ್ಮಾನ ಹತ್ತನೇ ತರಗತಿ ಮುಗಿದಾಗಲೇ ಆಗಬೇಕು. ಪಿಸಿಎಂಬಿ, ಆಮೇಲೆ ಬಿ.ಎಸ್ಸಿ., ಅದರಲ್ಲಿ ರಸಾಯನಶಾಸ್ತ್ರ ಇರಲೇಬೇಕು. ಬಳಿಕ ಎಂ.ಎಸ್ಸಿ. ರಸಾಯನ, ಜೀವರಸಾಯನ ಅಥವಾ ಫೊರೆನ್ಸಿಕ್ ಸೈನ್ಸ್. 2020ರ ಕಾಯ್ದೆಯಡಿ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಧಾರವಾಡದಲ್ಲಿದೆ. ‘ಬಿ.ಎಸ್ಸಿ. ಫೊರೆನ್ಸಿಕ್’ ಎಂಬ ಒಂದೇ ವಿಷಯದ ಪದವಿಗೆ ಸೇರುವ ಮುನ್ನ ಹಿಂದಿನ ಬ್ಯಾಚಿನವರ ಅಂಕಪಟ್ಟಿ ಕೇಳಿ ನೋಡಿ. ಅದರಲ್ಲಿ ಕೆಮಿಸ್ಟ್ರಿ, ಬಯಾಲಜಿ ಎಂಬ ಹೆಸರುಗಳು ಪ್ರತ್ಯೇಕ ಪತ್ರಿಕೆಗಳಾಗಿ ಅಚ್ಚಾಗಿವೆಯೇ? ಇಲ್ಲದಿದ್ದರೆ ದಾಖಲೆ ಪರಿಶೀಲನೆಯ ದಿನ ‘ತತ್ಸಮಾನ ಪದವಿ’ ಎಂಬ ಒಂದು ಪದದ ಸುತ್ತ ವಾದ ಶುರುವಾಗುತ್ತದೆ. ಆ ವಾದ ಮುಗಿಯುವಷ್ಟರಲ್ಲಿ ಹುದ್ದೆ ಬೇರೆಯವರ ಪಾಲಾಗಿರುತ್ತದೆ.

ಈ ಬಾಗಿಲು ಮುಂದೆ ಅಗಲವಾಗುವ ಲಕ್ಷಣ ಇದೆ, ಅದನ್ನೂ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು ಇದೆ. ಕರ್ನಾಟಕದಲ್ಲಿ ‘ಸೋಕೋ’ ಎಂದು ಕರೆಯುವ ಸೀನ್ ಆಫ್ ಕ್ರೈಂ ಆಫೀಸರ್ ಹುದ್ದೆಗಳು ಬಂದಿವೆ. 105ನೇ ಕಲಂ ಶೋಧ ಮತ್ತು ಜಪ್ತಿಯ ಚಿತ್ರೀಕರಣವನ್ನು ಕಡ್ಡಾಯ ಮಾಡಿದೆ. ಇಷ್ಟು ಕೆಲಸಕ್ಕೆ ಕೈಗಳು ಬೇಕು. ಆ ಕೈಗಳಿಗೆ ಕಾಲೇಜಿನಲ್ಲಿ ಏನು ಅಭ್ಯಾಸ ಆಗಿದೆ ಎಂಬುದೇ ಪ್ರಶ್ನೆ.

ಏಕೆಂದರೆ ಪ್ರಕರಣ ಬಿದ್ದುಹೋಗುವುದು ದೊಡ್ಡ ಯಂತ್ರ ಇಲ್ಲದೆ ಅಲ್ಲ, ಸಣ್ಣ ತಪ್ಪುಗಳಿಂದ. ರಕ್ತ ಅಂಟಿದ ಬಟ್ಟೆಯನ್ನು ಹಸಿಯಾಗಿಯೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಕೆಡುತ್ತದೆ. ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು, ಒಂದೊಂದು ಬಟ್ಟೆಗೆ ಒಂದೊಂದು ಕವರು. ವಿಷಪ್ರಾಶನದ ಸಂಶಯವಿದ್ದರೆ ಒಳಾಂಗಗಳ ಮಾದರಿಯನ್ನು ಉಪ್ಪು ಇನ್ನು ಕರಗದು ಎನ್ನುವಷ್ಟು ಗಾಢವಾದ ಉಪ್ಪುನೀರಿನಲ್ಲಿ ಇಡುತ್ತಾರೆ. ಫಾರ್ಮಲಿನ್‌ನಲ್ಲಿ ಇಟ್ಟರೆ ಅಂಗಾಂಶ ಪರೀಕ್ಷೆಗೆ ಸರಿ, ವಿಷ ಪತ್ತೆಗೆ ಕೆಟ್ಟಿತು. ಬಾಟಲಿಯನ್ನು ಕಂಠಮಟ್ಟ ತುಂಬಬಾರದು. ಮೂರನೇ ಎರಡು ಭಾಗ ಸಾಕು, ಕೊಳೆತಾಗ ಏಳುವ ಅನಿಲಕ್ಕೆ ಜಾಗ ಬೇಕು. ಮದ್ಯದ ಪ್ರಮಾಣ ನೋಡಲು ರಕ್ತ ತೆಗೆಯುವಾಗ ಸ್ಪಿರಿಟ್‌ನಿಂದ ಚರ್ಮ ಒರೆಸಿದರೆ ಆ ವರದಿಗೆ ಪಾಟೀಸವಾಲಿನಲ್ಲಿ ಬೆಲೆಯೇ ಉಳಿಯುವುದಿಲ್ಲ.

ಗಾಂಜಾ ಪ್ರಕರಣ ತೆಗೆದುಕೊಳ್ಳಿ. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ವಾಣಿಜ್ಯ ಪ್ರಮಾಣ. ಎನ್‌ಡಿಪಿಎಸ್ ಎಂಬ ಮಾದಕವಸ್ತು ತಡೆ ಕಾಯ್ದೆಯ 52ಎ ಕಲಂ ಮತ್ತು 2022ರ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟರ ಸಮಕ್ಷಮ ಮಾದರಿ ತೆಗೆಯಬೇಕು, ಗಾಂಜಾಕ್ಕೆ 24 ಗ್ರಾಂ, ಅದೂ ಜೋಡಿಯಾಗಿ. ಸ್ಥಳದಲ್ಲೇ ತಕ್ಕಡಿ ಹಿಡಿದು ಹಿಡಿಯಷ್ಟು ತೆಗೆದು ಕಳಿಸಿದ ಪ್ರಕರಣದಲ್ಲಿ ಆರೋಪಿಯ ವಕೀಲರು ಬೇರೇನೂ ಮಾಡಬೇಕಾಗಿಲ್ಲ, ಇದೊಂದನ್ನೇ ಹಿಡಿದು ಎಳೆಯುತ್ತಾರೆ. ಮೊಬೈಲ್ ಜಪ್ತಿಯೂ ಹಾಗೆಯೇ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ. ‘ಎ’ ಭಾಗವನ್ನು ದಾಖಲೆ ಹಾಜರುಪಡಿಸುವವರು, ‘ಬಿ’ ಭಾಗವನ್ನು ತಜ್ಞರು ತುಂಬಬೇಕು, ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಕಡತದಿಂದ ತಂತ್ರಾಂಶ ಲೆಕ್ಕ ಹಾಕಿ ಕೊಡುವ ಅಂಕಿ–ಅಕ್ಷರಗಳ ಸಾಲು, ಬರೆಯಬೇಕು. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ, ಅದಕ್ಕೇ ಅದು ಮೊಹರಿನ ಕೆಲಸ ಮಾಡುತ್ತದೆ. ಉಚಿತ ತಂತ್ರಾಂಶ ಒಂದಿದ್ದರೆ ಯಾವ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲೂ ಹತ್ತು ನಿಮಿಷದಲ್ಲಿ ಇದನ್ನು ತೋರಿಸಬಹುದು. ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಪ್ರಕರಣಗಳಿಗೆಂದೇ ಇರುವ ಸೆನ್ ಠಾಣೆಗಳಲ್ಲಿ ದಿನನಿತ್ಯ ಬೇಕಾಗುವ ವಿದ್ಯೆ ಇದು.

ಅಗ್ಗದ ಅಭ್ಯಾಸಗಳು ಇನ್ನೂ ಇವೆ. ಗದ್ದೆಬದಿಯ ಕೆಸರಿನಲ್ಲಿ ಮೂಡಿದ ಹೆಜ್ಜೆಯ ಅಚ್ಚು ತೆಗೆಯಲು ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್, ಒಂದು ಪಾಲು ನೀರು, ದೋಸೆಹಿಟ್ಟಿನ ಹದ. ನೇರ ಸುರಿದರೆ ಗುರುತು ಕೊಚ್ಚಿಹೋಗುತ್ತದೆ. ಸೌಟಿನ ಮೇಲೆ ಬೀಳಿಸಿ ಬದಿಯಿಂದ ಹರಿಯಬಿಡಬೇಕು, ಅರ್ಧ ಗಂಟೆ ಮುಟ್ಟಬಾರದು. ಕಾಗದದ ಮೇಲಿನ ಬೆರಳಚ್ಚಿಗೆ ಮೊದಲು ಅಯೋಡಿನ್ ಹೊಗೆ, ಆಮೇಲೆ ನಿನ್‌ಹೈಡ್ರಿನ್, ಕಡೆಗೆ ಸಿಲ್ವರ್ ನೈಟ್ರೇಟ್. ಕಡೆಯದನ್ನು ಮೊದಲು ಮಾಡಿದರೆ ಅದರ ನೀರಿನಲ್ಲಿ ಬೆವರಿನ ಅಮಿನೊ ಆಮ್ಲ ತೊಳೆದುಹೋಗಿ, ನಿನ್‌ಹೈಡ್ರಿನ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಇವನ್ನೆಲ್ಲ ಬೋರ್ಡಿನ ಮೇಲೆ ಬರೆಸಿ ಪರೀಕ್ಷೆಗೆ ಕೂರಿಸುವ ಕಾಲೇಜಿಗೂ ಕೈಯಲ್ಲಿ ಮಾಡಿಸುವ ಕಾಲೇಜಿಗೂ ಶುಲ್ಕದಲ್ಲಿ ಅಂಥ ವ್ಯತ್ಯಾಸ ಇಲ್ಲದಿರಬಹುದು, ವಿದ್ಯಾರ್ಥಿಯಲ್ಲಿ ಇರುತ್ತದೆ. ವಾರಕ್ಕೆ ಎಷ್ಟು ಗಂಟೆ ಪ್ರಾಯೋಗಿಕ ತರಗತಿ ಎಂದು ತಂದೆತಾಯಿ ಧೈರ್ಯವಾಗಿ ಕೇಳಬೇಕು.

ಪಠ್ಯದ ವಿಷಯದಲ್ಲಿ ಇನ್ನೊಂದು ತೊಡಕು. ಮಾರುಕಟ್ಟೆಯ ನೋಟ್ಸ್‌ಗಳಲ್ಲಿ ಈಗಲೂ 302, 420 ಎಂದೇ ಇದೆ. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕೊಲೆಗೆ ಶಿಕ್ಷೆ 103ನೇ ಕಲಂ, ವಂಚನೆ 318, ಕಳ್ಳತನ 303. ಹಳೆಯ ದಂಡ ಸಂಹಿತೆಯ 511 ಕಲಂಗಳ ಜಾಗದಲ್ಲಿ ಈಗ 358. ಹಾಗೆಂದು ಹಳೆಯದನ್ನು ಗುಜರಿಗೆ ಹಾಕುವಂತಿಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಗಳ ವಿಚಾರಣೆ ಹಳೆಯ ಸಂಹಿತೆಯ ಕಲಂಗಳಲ್ಲೇ ಇನ್ನೂ ಹಲವು ವರ್ಷ ಸಾಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಜೊತೆಗೆ ಮಹಜರು, ಪಂಚರು, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು), ಪಿ.ಎಫ್. ನಂಬರು (ಆ ವಸ್ತುವಿನ ದಾಖಲೆ ಸಂಖ್ಯೆ), ದೋಷಾರೋಪ ಪಟ್ಟಿ ಎಂಬ ಠಾಣೆಯ ಕನ್ನಡವೂ, ಎಫ್‌ಎಸ್‌ಎಲ್ ವರದಿಯ ಇಂಗ್ಲಿಷೂ ಎರಡೂ ಬರಬೇಕು. ಸಿನಿಮಾ ನೋಡಿ ಮಂಪರು ಪರೀಕ್ಷೆಯ ಕನಸು ಕಾಣುವವರು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ನಮ್ಮದೇ ರಾಜ್ಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಏನು ಹೇಳಿತೆಂದು ಓದಲಿ. ಒಪ್ಪಿಗೆ ಇಲ್ಲದೆ ಯಾರನ್ನೂ ಮಂಪರು ಪರೀಕ್ಷೆಗೆ, ಸುಳ್ಳುಪತ್ತೆ ಯಂತ್ರಕ್ಕೆ ಒಡ್ಡುವಂತಿಲ್ಲ.

ಕಾನೂನು ಕಾಲೇಜಿನ ದಾರಿ ಉದ್ದವಾದರೂ ನೆಟ್ಟಗಿದೆ. ಪಿಯುಸಿ ಆದ ಮೇಲೆ ಐದು ವರ್ಷ, ಇಲ್ಲವೇ ಪದವಿಯ ಬಳಿಕ ಮೂರು ವರ್ಷ. ಮೈಸೂರಿನಲ್ಲೂ ಮಂಡ್ಯದಲ್ಲೂ ಕಾಲೇಜುಗಳಿವೆ. ಕ್ರಿಮಿನಾಲಜಿ ಬಿ.ಎ. ನಿಜವಾಗಿ ಫಲ ಕೊಡುವುದು ಈ ಮೂರು ವರ್ಷದ ಎಲ್‌ಎಲ್‌.ಬಿ. ಜೊತೆ ಸೇರಿದಾಗ ಎಂಬುದು ನಮ್ಮ ಅಭಿಪ್ರಾಯ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಓದು ಮುಗಿದ ಕೂಡಲೇ ಅರ್ಜಿ ಹಾಕಬಹುದೆಂದು ಈಗಲೂ ಹೇಳುವವರಿದ್ದಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕನಿಷ್ಠ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿದೆ. ಆ ಮೂರು ವರ್ಷ ಹೊಟ್ಟೆಪಾಡು ಹೇಗೆ ಎಂಬುದು ಹಳ್ಳಿಯಿಂದ ಬಂದವರ ನಿಜವಾದ ಪ್ರಶ್ನೆ. ಕಾನೂನು ಸೇವಾ ಪ್ರಾಧಿಕಾರದಡಿ 2022ರಿಂದ ಬಂದ ಕಾನೂನು ನೆರವು ರಕ್ಷಣಾ ಸಲಹೆಗಾರರ ವ್ಯವಸ್ಥೆಯಲ್ಲಿ ಹೊಸ ವಕೀಲರನ್ನೂ ಸಹಾಯಕರಾಗಿ ಗೌರವಧನ ಕೊಟ್ಟು ತೆಗೆದುಕೊಳ್ಳುತ್ತಾರೆ. ಕೆಲಸ ಬರೀ ಕ್ರಿಮಿನಲ್ ಪ್ರಕರಣಗಳದ್ದು, ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಕಾನೂನಿನ ಸೂಕ್ಷ್ಮ ಗೊತ್ತಿಲ್ಲದೆ ತನಿಖೆಗೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯದವರಿಗೆ ದೂರ ಹುಡುಕಬೇಕಾಗಿಲ್ಲ. 2023ರಲ್ಲಿ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ಇಡೀ ರಾಜ್ಯ ತಲೆ ತಗ್ಗಿಸಿತು. ಇಂಥ ಪ್ರಕರಣಗಳಿಗೆ ಅನ್ವಯಿಸುವ 1994ರ ಕಾಯ್ದೆಯ 28ನೇ ಕಲಂ ಪ್ರಕಾರ, ಸಕ್ಷಮ ಪ್ರಾಧಿಕಾರ ಅಥವಾ ಅದಕ್ಕೆ 15 ದಿನಗಳ ನೋಟಿಸ್ ಕೊಟ್ಟವರು ದೂರು ಸಲ್ಲಿಸಿದರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುತ್ತದೆ. ಪೊಲೀಸರ ದೋಷಾರೋಪ ಪಟ್ಟಿಯೊಂದೇ ಸಾಲದು. ತರಗತಿಯಲ್ಲಿ ಒಂದು ಗಂಟೆ ಕೊಟ್ಟು ಈ ಕಾಯ್ದೆಯನ್ನೂ, ಸ್ಕ್ಯಾನಿಂಗ್ ಕೇಂದ್ರಗಳು ತುಂಬಬೇಕಾದ ‘ಎಫ್’ ನಮೂನೆಯನ್ನೂ ಓದಿಸುವ ಅಧ್ಯಾಪಕರು ನಮ್ಮ ಜಿಲ್ಲೆಗೆ ಬೇಕು.

ಯಾರೂ ಜಾಹೀರಾತು ಮಾಡದ ಬಾಗಿಲುಗಳೂ ಇವೆ. 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲಿ ಮಕ್ಕಳ ರಕ್ಷಣಾ ಘಟಕವಿದೆ, ಅಲ್ಲಿ ಕಾನೂನು ಮತ್ತು ಪರಿವೀಕ್ಷಣೆಯ ಅಧಿಕಾರಿ, ಆಪ್ತಸಮಾಲೋಚಕರ ಕೆಲಸಗಳಿವೆ. ಬಹುಪಾಲು ಗುತ್ತಿಗೆಯವು, ಸಂಬಳ ದೊಡ್ಡದಲ್ಲ, ಇದನ್ನು ಮುಚ್ಚಿಡಬಾರದು. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಾಮಾಜಿಕ ಕಾರ್ಯಕರ್ತರು ಕೂರುತ್ತಾರೆ. ಕಾರಾಗೃಹ ಇಲಾಖೆಯ ಜೈಲರ್ ಹುದ್ದೆಗಳತ್ತ ನೋಡುವವರು ಕಡಿಮೆ, ಆದರೆ ಅಪರಾಧಶಾಸ್ತ್ರದ ಓದು ದಿನವೂ ಒರೆಗೆ ಹತ್ತುವ ಜಾಗ ಅದು. ಹೊಸ ನ್ಯಾಯ ಸಂಹಿತೆ ‘ಸಮುದಾಯ ಸೇವೆ’ಯನ್ನು ಶಿಕ್ಷೆಯ ಪಟ್ಟಿಗೆ ಸೇರಿಸಿದೆ. ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮರಳಿಸಿದವರಿಗೆ ಅದೇ ಶಿಕ್ಷೆ. ಆ ಸೇವೆ ನಿಜವಾಗಿ ನಡೆಯಿತೇ ಎಂದು ಬೆನ್ನು ಹತ್ತಿ ನೋಡುವವರು ಯಾರು? ಆ ಕೆಲಸಕ್ಕೆ ಅಪರಾಧಶಾಸ್ತ್ರ ಮತ್ತು ಸಮಾಜಕಾರ್ಯದ ಪದವೀಧರರನ್ನು ನೇಮಿಸುವ ಆಲೋಚನೆಯನ್ನು ಸರ್ಕಾರ ಈಗಲೇ ಮಾಡಬೇಕು.

ಮೈಸೂರಿನವರು ಮರೆಯುವ ಇನ್ನೊಂದು ಜಾಗ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಧ್ವನಿಯಿಂದ ವ್ಯಕ್ತಿಯನ್ನು ಗುರುತಿಸುವ ವಿದ್ಯೆಗೆ ಅಲ್ಲಿ ಫೊರೆನ್ಸಿಕ್ ಸ್ಪೀಚ್ ವಿಷಯದ ಸ್ನಾತಕೋತ್ತರ ಡಿಪ್ಲೊಮಾ ರೂಪಿಸಿದ್ದಾರೆ. ಬೋಧನೆಗೆ ಹೋಗುವವರಿಗೆ ಯುಜಿಸಿ ನೆಟ್‌ನಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಎರಡು ಪ್ರತ್ಯೇಕ ವಿಷಯಗಳು. ಹುದ್ದೆಗಳು ಬೆರಳೆಣಿಕೆ. ಬ್ಯಾಂಕ್, ವಿಮಾ ಕಂಪನಿಗಳ ವಂಚನೆ ಪತ್ತೆ ವಿಭಾಗಗಳು ಅಪರಾಧಶಾಸ್ತ್ರದ ಪ್ರಮಾಣಪತ್ರಕ್ಕಿಂತ ಲೆಕ್ಕಪತ್ರ ಬಲ್ಲವರನ್ನು, ಕಂಪ್ಯೂಟರ್ ಬಲ್ಲವರನ್ನು ಕೇಳುತ್ತವೆ.

ಆದ್ದರಿಂದ ವಿಶ್ವವಿದ್ಯಾಲಯಗಳಿಗೂ ಕಾಲೇಜು ಶಿಕ್ಷಣ ಇಲಾಖೆಗೂ ನಮ್ಮ ಬೇಡಿಕೆ ಇಷ್ಟು. ಅಪರಾಧಶಾಸ್ತ್ರ, ವಿಧಿವಿಜ್ಞಾನದ ಪ್ರತಿ ಕೋರ್ಸಿನ ಪ್ರವೇಶ ಅರ್ಜಿಯ ಜೊತೆ ಒಂದು ಹಾಳೆ ಕಡ್ಡಾಯವಾಗಿ ಲಗತ್ತಿಸಲಿ. ಎಡಗಡೆ ಈ ಪದವಿಯಿಂದ ಅರ್ಜಿ ಹಾಕಬಹುದಾದ ಹುದ್ದೆಗಳು, ಬಲಗಡೆ ಹಾಕಲಾಗದ ಹುದ್ದೆಗಳು, ಪ್ರತಿಯೊಂದರ ಎದುರು ವೃಂದ ಮತ್ತು ನೇಮಕಾತಿ ನಿಯಮದ ಉಲ್ಲೇಖ. ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ. ಕೆಳಗೆ ಪ್ರಾಂಶುಪಾಲರ ಸಹಿ. ಹಾಗೆಯೇ ಮೈಸೂರಿನ ಪ್ರಾದೇಶಿಕ ಪ್ರಯೋಗಾಲಯ ಮತ್ತು ಕರ್ನಾಟಕ ಪೊಲೀಸ್ ಅಕಾಡೆಮಿ ಇರುವ ಊರಿನಲ್ಲಿ, ಸೆಮಿಸ್ಟರಿಗೆ ಎರಡು ದಿನವಾದರೂ ವಿದ್ಯಾರ್ಥಿಗಳು ಅಲ್ಲಿನ ಕೆಲಸ ನೋಡುವ ಏರ್ಪಾಡಾಗಲಿ. ಪ್ರಕರಣದ ವಸ್ತುಗಳನ್ನು ಮುಟ್ಟುವ ಪ್ರಶ್ನೆ ಇಲ್ಲ. ಪಾರ್ಸೆಲ್ ಬಂದಾಗ ಕವರಿನ ಮೇಲಿನ ಅರಗಿನ ಮೊಹರನ್ನು ಮಾದರಿ ಮೊಹರಿನ ಜೊತೆ ಹೇಗೆ ತಾಳೆ ನೋಡುತ್ತಾರೆ, ತಾಳೆಯಾಗದಿದ್ದರೆ ಏಕೆ ಹಿಂದಕ್ಕೆ ಕಳಿಸುತ್ತಾರೆ ಎಂಬುದನ್ನು ಕೌಂಟರಿನ ಈಚೆ ನಿಂತು ನೋಡಿದರೂ ಸಾಕು.

ಇಂತು,
ಅಪರಾಧಶಾಸ್ತ್ರ ಮತ್ತು ಕಾನೂನು ಬೋಧಕರ ಪರವಾಗಿ,
ಮೈಸೂರು – ಮಂಡ್ಯ